ನಾಮಸಾಮ್ಯ, ಸಂಖ್ಯಾಸಾಮ್ಯ ಮತ್ತು ಚಿತ್ರದುರ್ಗ ಸೀಮೆಯ ಜೈನ ಇತಿಹಾಸ

ಕೆಲವು ತಿಂಗಳುಗಳ ಹಿಂದೆ ತರುಣ ಸಂಶೋಧಕರೊಬ್ಬರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಜೈನ ಪ್ರಾಚೀನತೆಯನ್ನು ಕುರಿತು ದೀರ್ಘವಾದ ಲೇಖನವೊಂದನ್ನು ಬರೆದು ನನ್ನ ಅಭಿಪ್ರಾಯಕ್ಕಾಗಿ ಕಳುಹಿಸಿದ್ದರು. ಅವರ ಶ್ರದ್ಧೆ ಮೆಚ್ಚತಕ್ಕದ್ದು. ಊರೂರು ತಿರುಗಿದ್ದಾರೆ, ಮನೆಮನೆಗಳಲ್ಲಿ ಕಡತಗಳನ್ನು ಬಿಚ್ಚಿಸಿ ನೋಡಿದ್ದಾರೆ. ಆದರೆ ಲೇಖನದ ಬಹುಭಾಗ ಈ ತಿರುಗಾಟದ ಫಲವಲ್ಲ. ಊರುಗಳ ಹೆಸರಿನಲ್ಲಿ ತೀರ್ಥಂಕರರನ್ನೂ ಶಾಸನದ ಅಂಕಿಗಳಲ್ಲಿ ವೀರನಿರ್ವಾಣವನ್ನೂ ಕಾಣುವ ಪ್ರಯತ್ನವೇ ಅದರ ಮುಖ್ಯ ಭಾಗವಾಗಿದೆ. ಈ ಬಗೆಯ ಲೇಖನಗಳು ಈಗ ಹೆಚ್ಚುತ್ತಿರುವುದರಿಂದಲೂ, ಇವುಗಳಿಂದ ಹಾನಿ ತಟ್ಟುವುದು ಬೇರೆಯವರಿಗಲ್ಲ, ನಮ್ಮ ಅಧ್ಯಯನಕ್ಕೇ ಆದುದರಿಂದಲೂ, ಇದನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುವುದು ಅಗತ್ಯವೆಂದು ತೋರಿತು. ಲೇಖಕರ ಹೆಸರು ಇಲ್ಲಿ ಬೇಡ. ದೋಷ ಒಬ್ಬರದಲ್ಲ, ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ಊರ ಹೆಸರುಗಳನ್ನು ನೋಡೋಣ. ಇಂಗ್ಲಿಷರು ಚಿತ್ರದುರ್ಗವನ್ನು 'ಚಿತಲ್‌ಡ್ರೂಗ್' ಎಂದು ಬರೆಯುತ್ತಿದ್ದರು. ಲೇಖಕರು ಈ 'ಚಿತಲ್' ಎಂಬುದನ್ನು ಹಿಡಿದು ಅದು 'ಶೀತಲ'ದ ಅಪಭ್ರಂಶವೆಂದೂ, ಆದುದರಿಂದ ಈ ದುರ್ಗ ಹತ್ತನೆಯ ತೀರ್ಥಂಕರ ಶೀತಲನಾಥರ ಕ್ಷೇತ್ರವೆಂದೂ ಸಾಧಿಸಿದ್ದಾರೆ. ಪರದೇಶದ ಅಧಿಕಾರಿಯ ಕಿವಿಗೆ ಬಿದ್ದಂತೆ ಕಾಗದದ ಮೇಲೆ ಇಳಿದ ರೂಪವೊಂದು ಸ್ಥಳದ ಪ್ರಾಚೀನ ನಾಮಕ್ಕೆ ಪ್ರಮಾಣವಾಗುವುದೆಂತು? ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಊರಿಗೆ ಬೆಮ್ಮತ್ತನೂರು, ಬೆಮ್ಮತ್ತನಕಲ್ಲು ಎಂಬ ಹೆಸರುಗಳಿವೆ. ಪೆರುಮಾಳೆ ದಂಡನಾಯಕನಿಂದಾಗಿ ಪೆರುಮಾಳೆಪುರವೆಂಬ ಹೆಸರೂ ಬಂದಿತು. ಚಿತ್ರಕಲ್‌ದುರ್ಗವೆಂಬ ರೂಪ ನಿಂತದ್ದು ಆಮೇಲೆ. ಆ 'ಚಿತ್ರಕಲ್' ಎಂಬುದನ್ನೇ ಕೆಲವರು 'ಛತ್ರಕಲ್' ಎಂದು ಓದಿ, ಕೊಡೆಯಾಕಾರದ ಬಂಡೆಯನ್ನೂ ರಾಜಚಿಹ್ನೆಯನ್ನೂ ಅದರಲ್ಲಿ ಕಂಡಿದ್ದಾರೆ. ಕೋಟೆಯ ಮೇಲೆ ಹಿಡಿಂಬೇಶ್ವರನ ಗುಡಿ ಇದೆ. ಅಲ್ಲಿ ಹಿಡಿಂಬನ ಹಲ್ಲೆಂದು ಒಂದನ್ನು ತೋರಿಸುತ್ತಾರೆ. ಭಾರತದ ಕಥೆಯನ್ನು ಬೆಟ್ಟಕ್ಕೆ ಅಂಟಿಸಿದವರನ್ನು ನಾವು ನಗುತ್ತೇವೆ. ಶೀತಲನಾಥರನ್ನು ಅಂಟಿಸಿದವರು ನಮ್ಮವರೆಂದು ಸುಮ್ಮನಿರಬೇಕೆ?

ಚಂದ್ರವಳ್ಳಿಯ ವಿಷಯ ಇನ್ನೂ ಸೂಕ್ಷ್ಮವಾದುದು. ಡಾ. ಎಂ. ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ನಡೆಸಿ, ಕದಂಬ ಮಯೂರಶರ್ಮನ ಪ್ರಾಕೃತ ಶಾಸನವನ್ನು ೧೯೨೯ರಲ್ಲಿ ಬೆಳಕಿಗೆ ತಂದಂದಿನಿಂದ ಆ ಕಣಿವೆಯ ಪ್ರಾಚೀನತೆ ಸಂಶಯಾತೀತವಾಗಿದೆ. ರೋಮನ್ ನಾಣ್ಯಗಳೂ ಅಲ್ಲಿ ದೊರೆತಿವೆ. ಆದರೆ ಹೆಸರು? ಸ್ಥಳೀಯರು ಅದನ್ನು ಕುಂತಳದ ಅರಸು ಚಂದ್ರಹಾಸನ ಕಥೆಗೆ ಸೇರಿಸುತ್ತಾರೆ. ಮೂರು ಬೆಟ್ಟಗಳ ನಡುವೆ ಅರ್ಧಚಂದ್ರದಂತೆ ಬಾಗಿದ ಕಣಿವೆಯಾದುದರಿಂದ ಆ ಹೆಸರೆಂದು ಹೇಳುವವರೂ ಉಂಟು. ನಮ್ಮ ಲೇಖಕರ ಪ್ರಕಾರ ಅದು ಚಂದ್ರಗುಪ್ತಮುನಿಯ 'ಪಳ್ಳಿ'. ತಮಿಳಿನಲ್ಲಿ ಪಳ್ಳಿಯೆಂದರೆ ಜೈನರ, ಬೌದ್ಧರ ಆಲಯವೆಂಬ ಅರ್ಥವಿದೆ, ನಿಜ. ಕನ್ನಡದಲ್ಲಿ ಅದೇ ಶಬ್ದ ಹಳ್ಳಿಯಾಗಿದೆ. ಈ ತರ್ಕವನ್ನು ಒಪ್ಪಿದರೆ ಕನ್ನಡನಾಡಿನ ಹಳ್ಳಿಹಳ್ಳಿಯೂ ಬಸದಿಯೇ ಆದೀತು. ಆಗ ನಾವು ಸಂಶೋಧನೆ ಮಾಡಬೇಕಾದ ಅಗತ್ಯವೇ ಉಳಿಯದು.

ಒಂದೇ ಹೆಸರಿಗೆ ಅರಸು, ಮುನಿ, ಚಂದ್ರಕಲೆ ಎಂಬ ಮೂರು ಮೂಲಗಳು ಸಮಾನವಾಗಿ ಹೊಂದಿಕೊಂಡರೆ ಮೂರಕ್ಕೂ ಪ್ರಮಾಣವಿಲ್ಲವೆಂದೇ ಅರ್ಥ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಕ್ರಿ.ಶ. ೬೦೦ರ ಸುಮಾರಿನ ಶಾಸನವೇ ಇದ್ದರೂ ಅದರಲ್ಲಿಯ ಪ್ರಭಾಚಂದ್ರ ಯಾರೆಂಬುದು ಎಷ್ಟು ಚರ್ಚೆಗೆ ಒಳಗಾಯಿತೆಂಬುದನ್ನು ವಿದ್ವಾಂಸರು ಬಲ್ಲರು. ರೈಸರು ಅದನ್ನು ಚಂದ್ರಗುಪ್ತನ ದೀಕ್ಷಾನಾಮವೆಂದರು, ಫ್ಲೀಟರು ಒಪ್ಪಲಿಲ್ಲ. ಇತ್ತ ಹರಿಷೇಣನ ಬೃಹತ್ಕಥಾಕೋಶದಲ್ಲಿ, ಅಂದರೆ ಕ್ರಿ.ಶ. ೯೩೧ರಲ್ಲಿ, ಚಂದ್ರಗುಪ್ತನ ದೀಕ್ಷಾನಾಮ ವಿಶಾಖಾಚಾರ್ಯ ಎಂದಿದೆ. ಶಾಸನವೂ ಗ್ರಂಥವೂ ಇರುವಲ್ಲಿಯೇ 'ಚಂದ್ರ' ಎಂಬ ಎರಡಕ್ಷರ ನಿರ್ಣಯ ಕೊಡಲಿಲ್ಲವೆಂದ ಮೇಲೆ, ಅವೆರಡೂ ಇಲ್ಲದ ಕಣಿವೆಯಲ್ಲಿ ಅದು ಏನನ್ನು ಕೊಟ್ಟೀತು?

ಹೊಳಲ್ಕೆರೆಯನ್ನು ಲೇಖಕರು 'ಹೊಳೆವ ಕೆರೆ' ಎಂದು ಬಿಡಿಸಿ, ಆ ಹೊಳಪು ಕೇವಲಜ್ಞಾನದ ಸಂಕೇತವೆಂದಿದ್ದಾರೆ. ಇಲ್ಲಿ ವ್ಯಾಕರಣವೇ ಅಡ್ಡ ನಿಲ್ಲುತ್ತದೆ. ಹೊಳಲು ಎಂಬುದು ಹಳಗನ್ನಡದ 'ಪೊೞಲ್', ಅಂದರೆ ಪಟ್ಟಣ. ಹೊಳೆಯುವುದು 'ಪೊಳೆ'. ಒಂದರಲ್ಲಿರುವುದು ೞಕಾರ, ಇನ್ನೊಂದರಲ್ಲಿರುವುದು ಳಕಾರ. ಬಾಯಲ್ಲಿ ೞಕಾರ ಅಳಿದು ಳಕಾರದೊಡನೆ ಬೆರೆತ ಮೇಲಷ್ಟೇ ಇವೆರಡೂ ಒಂದೇ ಎಂಬ ಭ್ರಾಂತಿ ಹುಟ್ಟಲು ಸಾಧ್ಯ. ನಮ್ಮವನೇ ಆದ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಶಬ್ದಮಣಿದರ್ಪಣದಲ್ಲಿ ಪಟ್ಟಿಮಾಡಿಟ್ಟದ್ದು ಇಂಥ ಬೆರಕೆ ಆಗದಿರಲೆಂದೇ ಅಲ್ಲವೆ? ಹೂವಿನಹಡಗಲಿ ತಾಲ್ಲೂಕಿನಲ್ಲೊಂದು ಹೊಳಲು, ಮಂಡ್ಯ ತಾಲ್ಲೂಕಿನಲ್ಲೊಂದು ಹೊಳಲು ಇವೆ. ಅಲ್ಲಿಯೂ ಅದೇ ಪೊೞಲ್. ಹೊಳಲ್ಕೆರೆಯೆಂದರೆ ಪಟ್ಟಣದ ಕೆರೆ, ಇಲ್ಲವೆ ಕೆರೆಯಿರುವ ಪಟ್ಟಣ. ಹಿರಿಯೂರು ಹಿರಿಯ ಊರು. ಹೊಸದುರ್ಗ ಹೊಸ ದುರ್ಗ. ಅವುಗಳಲ್ಲಿ ಗೂಢವಾದುದು ಏನೂ ಇಲ್ಲ.

ಹೊಸದುರ್ಗ ತಾಲ್ಲೂಕಿನಲ್ಲಿ ಹೆಗ್ಗೆರೆ ಎಂಬ ಊರಿದೆ. ಅಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಹೆಗ್ಗೆರೆಯೆಂದರೆ ದೊಡ್ಡ ಕೆರೆ, ಅಷ್ಟೆ. ಹೆಸರಿನಲ್ಲಿ ಜಿನನ ಸುಳಿವಿಲ್ಲ, ಕಲ್ಲಿನಲ್ಲಿ ಜಿನನಿದ್ದಾನೆ. ಹೆಸರುಗಳನ್ನು ಸೀಳುತ್ತ ಹತ್ತೊಂಬತ್ತು ಪುಟ ಬರೆದ ಲೇಖಕರು ಈ ಬಸದಿಗೆ ಕೊಟ್ಟಿರುವುದು ಒಂದೂವರೆ ಸಾಲು. ಇದನ್ನು ಓದಿದಾಗ ನನಗೆ ನಿಜವಾಗಿಯೂ ವ್ಯಥೆಯಾಯಿತು.

ಇನ್ನು ಅಂಕಿಗಳು. ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ೧೮೯೨ರಲ್ಲಿ ರೈಸರು ಕಂಡುಹಿಡಿದ ಅಶೋಕನ ಕಿರುಶಾಸನಗಳನ್ನು ಎಲ್ಲರೂ ಬಲ್ಲರು. ಅದರಲ್ಲಿ ೨೫೬ ಎಂಬ ಅಂಕಿ ಬರುತ್ತದೆ. ಲೇಖಕರ ಲೆಕ್ಕ ಹೀಗಿದೆ: ವೀರನಿರ್ವಾಣ ಕ್ರಿ.ಪೂ. ೫೨೭, ಅದರಿಂದ ೨೫೬ ಕಳೆದರೆ ಕ್ರಿ.ಪೂ. ೨೭೧, ಅದು ಅಶೋಕನ ಕಾಲ, ಆದುದರಿಂದ ಅಶೋಕನು ಬ್ರಹ್ಮಗಿರಿಯಲ್ಲಿ ಗುಪ್ತವಾಗಿ ವೀರನಿರ್ವಾಣ ಶಕೆಯನ್ನು ಬಳಸಿದ್ದಾನೆ. ನೋಡಿದೊಡನೆ ಯಾರಿಗಾದರೂ ರೋಮಾಂಚವಾಗತಕ್ಕ ಲೆಕ್ಕವೇ. ನನಗೂ ಒಂದು ಕ್ಷಣ ಆಯಿತು.

ಆದರೆ ಈ ಅಂಕಿಯ ಕಥೆ ಹಳೆಯದು. ಇದೇ ಶಾಸನದ ಉತ್ತರದೇಶದ ಪಾಠಗಳನ್ನು ೧೮೭೭ರಲ್ಲಿ ಪ್ರಕಟಿಸಿದ ಬ್ಯೂಲರರು ೨೫೬ ಎಂಬುದು ಬುದ್ಧನಿರ್ವಾಣದಿಂದ ಸಂದ ವರ್ಷಗಳೆಂದು ಅರ್ಥಮಾಡಿದರು. 'ವ್ಯುಥ' ಎಂಬ ಶಬ್ದಕ್ಕೆ ಅವರು 'ಅಗಲಿ ಹೋದವನು' ಎಂಬ ಅರ್ಥವನ್ನು ಹಿಡಿದಿದ್ದರು. ಅದರಿಂದಾಗಿ ಶಾಸನವನ್ನು ಅಶೋಕನ ಆಳ್ವಿಕೆಯ ಕೊನೆಗೆ ತಳ್ಳಬೇಕಾಯಿತು, ನಿರ್ವಾಣದ ವರ್ಷವನ್ನೂ ಅದಕ್ಕೆ ತಕ್ಕಂತೆ ಹೊಂದಿಸಬೇಕಾಯಿತು. ಆಮೇಲೆ ಎಫ್. ಡಬ್ಲ್ಯು. ಥಾಮಸರು ಸಹಸ್ರಾಮದ ಪಾಠದಲ್ಲಿ ಈ ಸಂಖ್ಯೆಯನ್ನು ಅಕ್ಷರದಲ್ಲಿ ಬರೆದಿರುವೆಡೆ 'ಲಾತಿ' ಎಂಬ ಶಬ್ದವಿರುವುದನ್ನು ಗಮನಿಸಿ, ಅದು 'ರಾತ್ರಿ' ಎಂದು ೧೯೧೦ರಲ್ಲಿ ತೋರಿಸಿಕೊಟ್ಟರು. ರಕಾರಕ್ಕೆ ಲಕಾರ ಬರುವುದು ಆ ಪ್ರಾಕೃತದ ನಿಯಮ. ಪ್ರಾಕೃತ ಬಲ್ಲ ನಮ್ಮ ಪಂಡಿತರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಲ್ಲಿಗೆ ಅರ್ಥ ಸ್ಪಷ್ಟವಾಯಿತು: ಅರಸನು ರಾಜಧಾನಿಯನ್ನು ಬಿಟ್ಟು ಸಂಚಾರದಲ್ಲಿ ೨೫೬ ರಾತ್ರಿಗಳನ್ನು ಕಳೆದಾಗ ಹೊರಟ ಘೋಷಣೆ ಇದು. ಶಕೆಯೂ ಇಲ್ಲ, ನಿರ್ವಾಣವೂ ಇಲ್ಲ.

ಲೇಖಕರ ಲೆಕ್ಕವನ್ನು ಅದರ ನೆಲೆಯಲ್ಲಿಯೇ ನೋಡಿದರೂ ಅದು ನಿಲ್ಲದು. ಅಶೋಕನ ಪಟ್ಟಾಭಿಷೇಕ ಕ್ರಿ.ಪೂ. ೨೬೮ರ ಸುಮಾರಿನದು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತೆಂದು ಅದೇ ಶಾಸನದಲ್ಲಿ ಅವನು ಹೇಳಿದ್ದಾನೆ. ಕ್ರಿ.ಪೂ. ೨೭೧ರಲ್ಲಿ ಅವನಿಗೆ ಪಟ್ಟವೇ ಆಗಿರಲಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ದೊರೆತ ಪಾಠದಲ್ಲಿ ಅಶೋಕನ ಹೆಸರೂ ಇದೆ, ಅವನು ಬುದ್ಧನ ಅನುಯಾಯಿಯೆಂಬ ಮಾತೂ ಇದೆ. ಅಶೋಕನು ಮೊದಲು ಜೈನನಾಗಿದ್ದನೆಂದು ಎಡ್ವರ್ಡ್ ಥಾಮಸರು ೧೮೭೭ರಲ್ಲಿಯೇ ವಾದಿಸಿದ್ದರು. ಅದು ಚರ್ಚಿಸಬಹುದಾದ ಪ್ರತ್ಯೇಕ ಪ್ರಶ್ನೆ. ೨೫೬ ಅದಕ್ಕೆ ಸಾಕ್ಷಿಯಾಗದು.

ಮೇಲಾಗಿ ೫೨೭ ಎಂಬುದಾದರೂ ಎಲ್ಲಿಂದ ಬಂತು? ನಿರ್ವಾಣದಿಂದ ೬೦೫ ವರ್ಷ ೫ ತಿಂಗಳಿಗೆ ಶಕರಾಜನಾದನೆಂಬ ಪರಂಪರೆಯಿಂದ ಬಂತು. ತಿಲೋಯಪಣ್ಣತ್ತಿಯಲ್ಲಿ ಇದೇ ಅಂತರಕ್ಕೆ ೪೬೧ ವರ್ಷವೆಂಬ ಮತವೂ, ೯,೭೮೫ ವರ್ಷವೆಂಬ ಮತವೂ, ೧೪,೭೯೩ ವರ್ಷವೆಂಬ ಮತವೂ ಉಲ್ಲೇಖಿತವಾಗಿವೆ. ತ್ರಿಲೋಕಸಾರದ ಟೀಕಾಕಾರರು ಶಕರಾಜನನ್ನು ವಿಕ್ರಮಾಂಕನೆಂದು ವಿವರಿಸಿದುದರಿಂದ, ನಿರ್ವಾಣವನ್ನು ಇನ್ನೂ ೧೩೫ ವರ್ಷ ಹಿಂದಕ್ಕೆ ಒಯ್ದ ಪಂಡಿತರೂ ಇದ್ದರು. ೬೦೫ನ್ನು ಗ್ರಹಿಸಲು ನಮಗೆ ಬಲವಾದ ಕಾರಣಗಳಿವೆ, ಸರಿಯೆ. ಆದರೆ ಹೊಂದಿಕೆಯಾದ ಸಂಖ್ಯೆಯೊಂದನ್ನು ತೋರಿಸುವವರು, ಹೊಂದಿಕೆಯಾಗದೆ ಕೈಬಿಟ್ಟ ಸಂಖ್ಯೆಗಳೆಷ್ಟೆಂಬುದನ್ನೂ ತೋರಿಸಬೇಕು. ಅದನ್ನು ತೋರಿಸಿದವರನ್ನು ನಾನು ಈವರೆಗೆ ಕಂಡಿಲ್ಲ.

ಈ ಮಾತನ್ನು ಲೇಖಕರಿಗೆ ಹೇಳಿದಾಗ ಅವರು, "ಪಂಡಿತರೇ, ಬೆಳಗೊಳದ ಗೊಮ್ಮಟನ ಪ್ರತಿಷ್ಠಾಕಾಲವನ್ನು ಹೀಗೆಯೇ ಹೊಂದಿಸಿ ನಿರ್ಣಯಿಸಲಿಲ್ಲವೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಕೊಡಬೇಕಾದುದೇ.

ಸಂಸ್ಕೃತದ ಬಾಹುಬಲಿಚರಿತೆ ಪ್ರತಿಷ್ಠೆಯ ಕಾಲವನ್ನು ಕಲ್ಕ್ಯಬ್ದ ೬೦೦, ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ, ಸೌಭಾಗ್ಯ ಯೋಗ, ಕುಂಭ ಲಗ್ನ ಎಂದು ಹೇಳುತ್ತದೆ. ಅದರಲ್ಲಿ 'ಮಸ್ತ' ಎಂದಿರುವ ನಕ್ಷತ್ರವನ್ನು ಮೃಗಶಿರೆಯೆಂದು ತಿಳಿಯಲಾಗಿದೆ. ಇದನ್ನು ಹಿಡಿದು ವಿದ್ವಾಂಸರು ೯೮೦, ೯೮೧, ೧೦೨೮ ಮೊದಲಾದ ಬೇರೆ ಬೇರೆ ವರ್ಷಗಳನ್ನು ಸೂಚಿಸಿದರು. ಮಂಜೇಶ್ವರದ ಗೋವಿಂದ ಪೈಗಳು ೯೮೧ನೆಯ ಮಾರ್ಚ್ ೧೩ನ್ನು ನಿರ್ಣಯಿಸಿದರು. ೧೯೮೧ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ಆ ವರ್ಷವನ್ನೇ ಅನುಸರಿಸಿತು. ಆ ದಿನ ಭಾನುವಾರವೂ ಹೌದು, ಶುದ್ಧ ಪಂಚಮಿಯೂ ಹೌದು. ಲೆಕ್ಕ ಹಾಕಿ ನೋಡಿದ್ದೇನೆ.

ಆದರೆ ಈ ಅಂಗಗಳ ಬಲವೆಷ್ಟು? ಚೈತ್ರ ಶುದ್ಧ ಪಂಚಮಿ ಭಾನುವಾರ ಬೀಳುವುದು ಸರಾಸರಿ ಏಳು ವರ್ಷಕ್ಕೊಮ್ಮೆ. ಆ ತಿಥಿಯಲ್ಲಿ ಚಂದ್ರನು ಇರಬಹುದಾದುದು ಭರಣಿಯಿಂದ ಮೃಗಶಿರೆಯವರೆಗಿನ ನಾಲ್ಕು ನಕ್ಷತ್ರಗಳಲ್ಲಿ ಮಾತ್ರ. ಆದುದರಿಂದ ಮೃಗಶಿರೆ ಕೂಡಿಬಂದಿತೆಂಬುದು ಇಪ್ಪತ್ತೇಳರಲ್ಲಿ ಒಂದು ಕೂಡಿಬಂದಂತಲ್ಲ. ತಿಥಿ ನಕ್ಷತ್ರಗಳು ಗೊತ್ತಾದ ಮೇಲೆ ಯೋಗವೂ ನಾಲ್ಕರಲ್ಲಿ ಒಂದು. ಕುಂಭ ಲಗ್ನವಂತೂ ನಿತ್ಯವೂ ಬರುತ್ತದೆ. ಪಂಚಾಂಗದ ಅಂಗಗಳು ಐದು ಸ್ವತಂತ್ರ ಸಾಕ್ಷಿಗಳಲ್ಲ; ಒಂದೇ ಮನೆಯ ಐವರು ಬಂದು ಒಂದೇ ಮಾತನ್ನು ಹೇಳಿದಂತೆ. ಇನ್ನು ವಿಭವ ಸಂವತ್ಸರ ನಮ್ಮ ದಾಕ್ಷಿಣಾತ್ಯ ಗಣನೆಯಲ್ಲಿ ೯೬೮ರಲ್ಲಿಯೂ ೧೦೨೮ರಲ್ಲಿಯೂ ಬರುತ್ತದೆ, ನಡುವೆ ಇಲ್ಲ. ೯೮೧ ಎಂಬವರು ಸಂವತ್ಸರವನ್ನು ಬೇರೆ ಬಗೆಯಲ್ಲಿ ಎಣಿಸಬೇಕು, ಇಲ್ಲವೆ ವಿಭವವೆಂಬ ಶಬ್ದಕ್ಕೆ ಬೇರೆ ಅರ್ಥವನ್ನು ಹೇಳಬೇಕು.

ಹಾಗಾದರೆ ಹತ್ತನೆಯ ಶತಮಾನದ ಆ ಹದಿನೈದು ವರ್ಷಗಳಲ್ಲಿಯೇ ನಾವು ನಿಲ್ಲುವುದೇಕೆ? ಕ್ರಿ.ಶ. ೯೭೮ರಲ್ಲಿ ಮುಗಿದ ಚಾವುಂಡರಾಯಪುರಾಣದಲ್ಲಿ ಮೂರ್ತಿಯ ಮಾತಿಲ್ಲ; ಕ್ರಿ.ಶ. ೯೯೩ರ ರನ್ನನ ಅಜಿತಪುರಾಣದಲ್ಲಿ ಅತ್ತಿಮಬ್ಬೆ ಕುಕ್ಕುಟೇಶ್ವರನ ದರ್ಶನಕ್ಕೆ ಹೋದ ಪ್ರಸಂಗವಿದೆ. ಇವೆರಡು ಗ್ರಂಥಗಳೇ ಮೇರೆಗಳು. ಪಂಚಾಂಗವು ಆ ಮೇರೆಯೊಳಗೆ ಎರಡು ಮೂರು ದಿನಗಳಲ್ಲಿ ಒಂದನ್ನು ಆರಿಸಲು ನೆರವಾದೀತು, ಮೇರೆಯನ್ನೇ ಹಾಕಲಾರದು. ಪೈಗಳಂಥವರು ತಿಥಿಗಳನ್ನು ಕೈಯಲ್ಲಿ ಗುಣಿಸಿ ದಿನಗಟ್ಟಲೆ ಶ್ರಮಪಟ್ಟರು. ಆ ಶ್ರಮವೇ ಒಂದು ತಡೆಯೂ ಆಗಿತ್ತು. ಈಗ ಗಣಕಯಂತ್ರ ಸಾವಿರ ವರ್ಷಗಳ ಪಂಚಾಂಗವನ್ನು ಕ್ಷಣದಲ್ಲಿ ಮುಂದಿಡುತ್ತದೆ. ಇಷ್ಟವಾದ ವರ್ಷವನ್ನು ಆರಿಸಿಕೊಳ್ಳಲು ಆಯಾಸವೇ ಇಲ್ಲ.

ಈಗ ನನ್ನ ಪಾಲಿನ ದೋಷ. ಸುಮಾರು ಮೂವತ್ತು ವರ್ಷಗಳ ಹಿಂದೆ ಹೊಸದುರ್ಗ ಸೀಮೆಯ ಮನೆಯೊಂದರಲ್ಲಿ ಶ್ರಾವಕಾಚಾರ ವಿಷಯಕವಾದ ಕಾಗದದ ಪ್ರತಿಯೊಂದು ದೊರೆಯಿತು. ಮನೆಯ ಹಿರಿಯರು ಅದನ್ನು ರೇಷ್ಮೆಯ ವಸ್ತ್ರದಲ್ಲಿ ಸುತ್ತಿ ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಂತ್ಯದಲ್ಲಿ ಖರ ಸಂವತ್ಸರವೆಂದು ಇತ್ತು, ಶಕವರ್ಷ ಇರಲಿಲ್ಲ. ನಮ್ಮ ಪ್ರತಿಗಳಲ್ಲಿ ಇದು ಸಾಮಾನ್ಯ. ಬರೆಯಿಸಿದವನ ಪ್ರಶಂಸೆಯಲ್ಲಿ 'ಗುಣವ್ರತ', 'ಮುನಿಚಂದ್ರ' ಎಂಬ ಶಬ್ದಗಳು ಒಂದರ ಪಕ್ಕದಲ್ಲೊಂದು ಬಂದಿದ್ದವು. ನನಗೆ ಮಿಂಚು ಹೊಳೆದಂತಾಯಿತು. ಗುಣ ಮೂರು, ವ್ರತ ಐದು, ಮುನಿ ಏಳು, ಚಂದ್ರ ಒಂದು. ಅಂಕಗಳನ್ನು ಎಡಕ್ಕೆ ನಡೆಸಿದರೆ ೧೭೫೩. ಶಕ ೧೭೫೩, ಅಂದರೆ ಕ್ರಿ.ಶ. ೧೮೩೧. ಪಂಚಾಂಗವನ್ನು ತೆಗೆದು ನೋಡಿದರೆ ಆ ವರ್ಷ ಖರ ಸಂವತ್ಸರವೇ!

ಇನ್ನು ಸಂಶಯವೇಕೆ? ಲೇಖನ ಬರೆದೆ. ಪ್ರಕಟವಾಯಿತು. ಆ ವರ್ಷ ಒಂದು ಮುದ್ರಿತ ಸೂಚಿಯಲ್ಲಿಯೂ ಸೇರಿತು. ಮನೆಯವರು ಆ ಇಸವಿಯನ್ನು ಪ್ರತಿಯ ಮೇಲ್ಹಾಳೆಯ ಮೇಲೆ ಕೆಂಪು ಮಸಿಯಲ್ಲಿ ಬರೆದಿಟ್ಟರು.

ಹನ್ನೊಂದು ವರ್ಷಗಳ ಮೇಲೆ ಅದೇ ಮನೆಗೆ ಮತ್ತೆ ಹೋಗಿದ್ದೆ. ಪ್ರತಿಯನ್ನು ಅಂಗಳದ ಬಿಸಿಲಿಗೆ ಹಿಡಿದು ಹುಳುಕನ್ನು ನೋಡುತ್ತಿದ್ದಾಗ ಕಾಗದದೊಳಗಿನ ನೀರಚ್ಚು ಕಣ್ಣಿಗೆ ಬಿದ್ದಿತು. ವಿಲಾಯಿತಿ ಕಾಗದ, ಅದರಲ್ಲಿ ೧೮೭೬ ಎಂಬ ಇಸವಿ. ಇನ್ನೂ ತಯಾರಾಗದ ಕಾಗದದ ಮೇಲೆ ೧೮೩೧ರಲ್ಲಿ ಬರೆಯುವುದು ಯಾವ ಲಿಪಿಕಾರನಿಗೂ ಸಾಧ್ಯವಿಲ್ಲ. ಖರ ಸಂವತ್ಸರ ಅರವತ್ತು ವರ್ಷಗಳ ಮೇಲೆ, ೧೮೯೧ರಲ್ಲಿ, ಮತ್ತೆ ಬಂದಿತ್ತು. ಪ್ರತಿ ಆ ವರ್ಷದ್ದು.

ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಗುಣವ್ರತವೆಂಬುದು ಶ್ರಾವಕರ ಮೂರು ವ್ರತಗಳಿಗೆ ಪಾರಿಭಾಷಿಕವಾದ ಒಂದೇ ಶಬ್ದ. ಬಾಲಬೋಧೆಯಲ್ಲಿ ಕಲಿತದ್ದು. ಮುನಿಚಂದ್ರ ಗುರುವಿನ ಹೆಸರು. ಗುಣವ್ರತಗಳನ್ನು ಪಾಲಿಸುವ, ಮುನಿಚಂದ್ರರ ಶಿಷ್ಯನಾದ ಶ್ರಾವಕನೊಬ್ಬನು ಬರೆಯಿಸಿದನೆಂಬುದು ಆ ವಾಕ್ಯದ ನೇರವಾದ ಅರ್ಥ. ಅಂಕಿಯ ಆಸೆಯಿಂದ ಎರಡು ಶಬ್ದಗಳನ್ನು ನಾಲ್ಕಾಗಿ ಸೀಳಿದ್ದೆ. ಆದರೆ ಖರ ಸಂವತ್ಸರ ಕೂಡಿದ್ದು ಹೇಗೆ? 'ಅರವತ್ತರಲ್ಲಿ ಒಂದು' ಎಂದು ನಾನು ಲೇಖನದಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಬರೆಯದೆ ಬಿಟ್ಟದ್ದೆಂದರೆ, ಅದಕ್ಕೆ ಮೊದಲು ಪ್ರಶಸ್ತಿಯ ಬೇರೆ ಶಬ್ದಗಳನ್ನು ಎಡದಿಂದ, ಬಲದಿಂದ, ಶಕ ವಿಕ್ರಮ ವೀರನಿರ್ವಾಣಗಳೆಂದು ಬಗೆಬಗೆಯಾಗಿ ಎಣಿಸಿ ಸೋತಿದ್ದೆನೆಂಬುದು. ತತ್ತ್ವವೆಂದರೆ ನಮ್ಮಲ್ಲಿ ಏಳು, ಸಾಂಖ್ಯರಲ್ಲಿ ಇಪ್ಪತ್ತೈದು. ಅದನ್ನೂ ಎರಡು ಬಗೆಯಾಗಿ ನೋಡಿದ್ದೆ. ಹಳೆಯ ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿದಾಗ ಇಂಥ ಇಪ್ಪತ್ತು ಲೆಕ್ಕಗಳು ಅದರಲ್ಲಿದ್ದವು. ಒಂದೊಂದಕ್ಕೂ ಅರವತ್ತರಲ್ಲಿ ಒಂದು ಅವಕಾಶವಾದರೆ, ಇಪ್ಪತ್ತು ಸಲ ಎಣಿಸಿದವನಿಗೆ ಎಲ್ಲಾದರೊಂದು ಕಡೆ ಕೂಡಿಬರುವ ಅವಕಾಶ ನಾಲ್ಕರಲ್ಲಿ ಒಂದಕ್ಕೂ ಮಿಗಿಲು. ಆಶ್ಚರ್ಯಪಡುವಂಥದು ಏನೂ ಇರಲಿಲ್ಲ.

ತಿದ್ದುಪಡಿಯನ್ನು ಬರೆದು ಪ್ರಕಟಿಸಿದೆ. ಆದರೆ ಮೊದಲಿನ ಲೇಖನವನ್ನು ಓದಿದವರೆಲ್ಲ ತಿದ್ದುಪಡಿಯನ್ನು ಓದಲಿಲ್ಲ. ಈಗಲೂ ೧೮೩೧ ಎಂಬುದು ಅಲ್ಲಲ್ಲಿ ಉದ್ಧೃತವಾಗುತ್ತಿದೆ. ಮನೆಯ ಹಿರಿಯರಿಗೆ ವಿಷಯವನ್ನು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ನಮ್ಮ ಮುತ್ತಜ್ಜನೇ ಬರೆಯಿಸಿದ್ದು ಅನ್ನಿ" ಎಂದರು. ೧೮೯೧ರ ಖರ ಸಂವತ್ಸರ ಆ ಮನೆಯವರಿಗೆ ಗುರುತಿದ್ದ ವ್ಯಕ್ತಿಯ ಕಾಲವಾಗಿತ್ತು. ಅರವತ್ತು ವರ್ಷ ಹಿಂದಕ್ಕೆ ಒಯ್ದು ನಾನು ಅದನ್ನು ಅವರಿಂದ ಕಸಿದುಕೊಂಡಿದ್ದೆ.

ಭೂತಸಂಖ್ಯೆಯ ಪದ್ಧತಿಯೇ ಸುಳ್ಳೆಂದು ಇದರ ಅರ್ಥವಲ್ಲ. ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಸಂಖ್ಯಾಶಬ್ದಗಳನ್ನು ಕ್ರಮವಾಗಿ ಕೊಟ್ಟಿದ್ದಾರೆ. ನಮ್ಮ ಕವಿಗಳೂ ಲಿಪಿಕಾರರೂ ಅದನ್ನು ಸಾರ್ಥಕವಾಗಿ ಬಳಸಿದ್ದಾರೆ. ಆದರೆ ಕಾಲವನ್ನು ಹೇಳಲೆಂದು ಬರೆದವನು 'ಶಕ' ಎಂದೋ 'ಅಬ್ದ' ಎಂದೋ ಬಾಯಿಬಿಟ್ಟು ಹೇಳುತ್ತಾನೆ. ಬ್ರಹ್ಮಗಿರಿಯ ಶಾಸನವನ್ನೇ ನೋಡಿ: ಲಿಪಿಕಾರ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ದೇಶದ ಲಿಪಿಯನ್ನು ಬಲ್ಲವನೊಬ್ಬ ಮೊಳಕಾಲ್ಮೂರಿನ ಬಂಡೆಯ ಮುಂದೆ ನಿಂತಿದ್ದನೆಂಬುದು ಇದರಿಂದ ಸಿದ್ಧವಾಗುತ್ತದೆ. ೨೫೬ರಲ್ಲಿ ಇಲ್ಲದ ಗುಟ್ಟನ್ನು ಹುಡುಕುವವರು ಕಣ್ಣೆದುರಿನ ಈ ಐದಕ್ಷರವನ್ನು ದಾಟಿ ಹೋಗುತ್ತಾರೆ.

ಲೇಖನವನ್ನು ಹಿಂದಿರುಗಿಸಿದ್ದೇನೆ. ಅದರ ಕೊನೆಯಲ್ಲಿ ಅನುಬಂಧವೆಂದು ಸೇರಿಸಿದ ಎರಡು ಪುಟಗಳ ನಕಲನ್ನು ಮಾತ್ರ ಇಟ್ಟುಕೊಂಡಿದ್ದೇನೆ. ನಾಲ್ಕು ತಾಲ್ಲೂಕುಗಳ ಹದಿನೇಳು ಮನೆಗಳಲ್ಲಿ ತಾವು ಕಂಡ ಕಡತ, ಓಲೆಗರಿಗಳ ಪಟ್ಟಿಯನ್ನು ಅವರು ಅಲ್ಲಿ ಕೊಟ್ಟಿದ್ದಾರೆ. ಅವುಗಳಲ್ಲಿ ಮೂರು ಪ್ರತಿಗಳು ಈವರೆಗೆ ನಾನು ನೋಡಿದ ಯಾವ ಸೂಚಿಯಲ್ಲಿಯೂ ಇಲ್ಲ. ಗರಿಗಳ ಉದ್ದಗಲ, ಪುಟಕ್ಕೆ ಸಾಲುಗಳೆಷ್ಟು, ಆದ್ಯಂತಗಳ ಯಥಾಪಾಠ, ಕಾಗದವಾದರೆ ನೀರಚ್ಚು, ಇವಿಷ್ಟನ್ನು ಗುರುತಿಸಿ ಕಳುಹಿಸಿದಲ್ಲಿ ಆ ಎರಡು ಪುಟಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬಹುದೆಂದು ಸಂಪಾದಕರೂ ಒಪ್ಪಿದ್ದಾರೆ. ನೀರಚ್ಚನ್ನು ನೋಡುವಾಗ ಹಾಳೆಯನ್ನು ಬಿಸಿಲಿಗೆ ಹಿಡಿಯಬೇಕೆಂದು ಅವರಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ.